ಆಟಗಾರರ ಸಂಘವೂ ಹೊರಗುಳಿದ ಹುಡುಗನೂ: ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯ ಒಂದು ವಿಮರ್ಶೆ

1

ಕಾರ್ಮಿಕ ಸಂಘಗಳ ಚರಿತ್ರೆಯನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ಗಣಿ, ಗಿರಣಿ, ರೈಲ್ವೆ, ಬಂದರು ಇವುಗಳ ಮೇಲೆಯೇ ನಿಲ್ಲುತ್ತದೆ. ಆಟದ ಮೈದಾನವೂ ಒಂದು ಕೆಲಸದ ಸ್ಥಳವೆಂಬುದೂ, ಅಲ್ಲಿ ಓಡುವವನು ವೇತನಕ್ಕಾಗಿ ದುಡಿಯುವವನೆಂಬುದೂ ನಮ್ಮ ವಿದ್ಯಾಲಯಗಳಲ್ಲಿ ಇನ್ನೂ ಸಾಕಷ್ಟು ಮನದಟ್ಟಾಗಿಲ್ಲ. ಆಟವೆಂದರೆ ವಿನೋದ, ವಿನೋದಕ್ಕೆ ವೇತನವೇಕೆ, ವೇತನಕ್ಕೆ ಸಂಘವೇಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ಇಂಗ್ಲೆಂಡಿನಲ್ಲಿ 1885ರಷ್ಟು ಹಿಂದೆಯೇ ಫುಟ್‌ಬಾಲ್ ಅಸೋಸಿಯೇಷನ್ ಹಣಕ್ಕಾಗಿ ಆಡುವುದನ್ನು ನಿಯಮಬದ್ಧಗೊಳಿಸಿತು. 1888ರಲ್ಲಿ ಲೀಗ್ ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಆಟಗಾರನು ಒಬ್ಬ ಉದ್ಯೋಗಿ, ಕ್ಲಬ್ಬು ಅವನ ಧಣಿ. ಧಣಿ-ಆಳುಗಳ ಸಂಬಂಧವಿದ್ದಲ್ಲಿ ಸಂಘವೂ ಹುಟ್ಟುವುದು ಸಹಜವೇ ಆಗಿದೆ.

ಈ ಸಂಘವನ್ನು ಕುರಿತು, ಅಥವಾ ಅದು ಕಾಪಾಡಬೇಕಾಗಿದ್ದ ಬಾಳನ್ನು ಕುರಿತು, ಇಂಗ್ಲಿಷಿನಲ್ಲಿ ಹಲವು ಗ್ರಂಥಗಳು ಬಂದಿವೆ. ಜಾನ್ ಹಾರ್ಡಿಂಗ್ ಅವರು 1991ರಲ್ಲಿ ಪ್ರಕಟಿಸಿದ ಅಧಿಕೃತ ಚರಿತ್ರೆ, ಸಂಘದ ಅಧ್ಯಕ್ಷರಾಗಿದ್ದ ಜಿಮ್ಮಿ ಗಥ್ರಿ ಅವರ 1976ರ ಆತ್ಮಕಥನ, ಅದೇ ವರ್ಷ ಬಂದ ಈಮನ್ ಡನ್ಫಿ ಅವರ ದಿನಚರಿ, ತಮ್ಮ ತಂದೆಯ ಬಾಳನ್ನು ಕುರಿತು ಗ್ಯಾರಿ ಇಮ್ಲಾಕ್ ಅವರು 2005ರಲ್ಲಿ ಬರೆದ ಪುಸ್ತಕ ಇವು ಅವುಗಳಲ್ಲಿ ಗಮನಾರ್ಹವಾದುವು. ಸಂಘದ ಕಥೆಯನ್ನು ಲೋಕವು ರೂಢಿಯಾಗಿ ಹೇಳಿಕೊಂಡು ಬಂದಿರುವ ಕ್ರಮವನ್ನು ಪರಿಶೀಲಿಸಿ, ಆ ಸಂಘದ ಕಾರ್ಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸುವುದು ಒಳ್ಳೆಯದು. ಸಂಘದ ಚರಿತ್ರೆಯನ್ನು ಪ್ರತಿಭಾವಂತನಾದ ಪ್ರೌಢ ಆಟಗಾರನ ಬಿಡುಗಡೆಯ ಕಥೆಯಾಗಿ ಹೇಳುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಧಣಿಯೊಡನೆ ಚೌಕಾಸಿ ಮಾಡುವ ಶಕ್ತಿಯಿಲ್ಲದವನಿಗೆ, ಎಂದರೆ ಗಾಯಗೊಂಡವನಿಗೆ, ಮುದುಕನಿಗೆ, ಎಲ್ಲಕ್ಕೂ ಮಿಗಿಲಾಗಿ ಆಟವನ್ನು ಬಾಳಿನ ಆಸರೆಯೆಂದು ನಂಬಿ ಬಂದ ಹುಡುಗನಿಗೆ, ಅದು ಏನು ಮಾಡಿತೆಂಬುದೇ ಸಂಘದ ನಿಜವಾದ ಒರೆಗಲ್ಲು.

2

ಸಂಘದ ಹುಟ್ಟಿಗೆ ಕಾರಣವಾದ ಕಟ್ಟುಪಾಡುಗಳು ಎರಡು. ಮೊದಲನೆಯದು ಗರಿಷ್ಠ ವೇತನ. 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಸಲಾಯಿತು. ಎರಡನೆಯದು ಉಳಿಕೆ ಮತ್ತು ವರ್ಗಾವಣೆಯ ಪದ್ಧತಿ. ಆಟಗಾರನ ಹೆಸರು ಒಂದು ಕ್ಲಬ್ಬಿನಲ್ಲಿ ನೋಂದಣಿಯಾದ ಮೇಲೆ, ಅವನ ಒಪ್ಪಂದದ ಅವಧಿ ಮುಗಿದರೂ ಆ ನೋಂದಣಿಯನ್ನು ಕ್ಲಬ್ಬು ಬಿಟ್ಟುಕೊಡಬೇಕಾಗಿರಲಿಲ್ಲ. ಕ್ಲಬ್ಬಿನ ಅನುಮತಿಯಿಲ್ಲದೆ ಅವನು ಲೀಗಿನ ಬೇರೆಲ್ಲಿಯೂ ಆಡುವಂತಿರಲಿಲ್ಲ. ವೇತನಕ್ಕೆ ಮೇಲ್ಮಿತಿಯಿದ್ದಿತು, ಆಟಗಾರನನ್ನು ಮಾರುವ ಬೆಲೆಗೆ ಅಂಥ ಮಿತಿ ನಿಲ್ಲಲಿಲ್ಲ. ಈ ವೈಷಮ್ಯವನ್ನು ನೆನಪಿನಲ್ಲಿಟ್ಟರೆ ಮುಂದಿನ ಅರವತ್ತು ವರ್ಷಗಳ ಹೋರಾಟ ಸುಲಭವಾಗಿ ಅರ್ಥವಾಗುತ್ತದೆ.

1898ರಲ್ಲಿ ಕಟ್ಟಿದ ಮೊದಲ ಸಂಘವು ಮೂರು ವರ್ಷಗಳಲ್ಲಿಯೇ ಅಳಿಯಿತು. 1907ರ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮೊದಲಾದ ಪ್ರಸಿದ್ಧ ಆಟಗಾರರು ಸೇರಿ ಸ್ಥಾಪಿಸಿದ ಎರಡನೆಯ ಸಂಘವೇ ಇಂದಿಗೂ ಬೇರೆ ಹೆಸರಿನಲ್ಲಿ ಉಳಿದುಬಂದಿರುವುದು. ರೂಢಿಯ ಕಥೆಯಲ್ಲಿ ಈ ದಿನದ ನಾಯಕನು ಮೆರೆಡಿತ್. ಅವನ ಕೀರ್ತಿಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ತಾಮಸ್ ಬ್ಲ್ಯಾಕ್‌ಸ್ಟಾಕ್ ಎಂಬ ಆಟಗಾರನು ಮೀಸಲು ತಂಡದ ಪಂದ್ಯದಲ್ಲಿ ಚೆಂಡನ್ನು ತಲೆಯಿಂದ ಹೊಡೆದ ಬಳಿಕ ಕುಸಿದು ಬಿದ್ದು ಮೃತನಾದನು. ವಿಚಾರಣೆಯಲ್ಲಿ ಅದು ಸಹಜ ಮರಣವೆಂದು ತೀರ್ಮಾನವಾಯಿತು; ಅವನ ಮನೆಯವರಿಗೆ ಪರಿಹಾರ ದೊರೆಯಲಿಲ್ಲ. ಸಂಘದ ಸ್ಥಾಪಕರು ಅವನ ಜೊತೆಯವರೇ ಆಗಿದ್ದರು. ವೇತನದ ಮಿತಿಯ ಮೇಲಿನ ಕೋಪದಷ್ಟೇ, ಸತ್ತವನ ಮನೆಯ ಚಿಂತೆಯೂ ಸಂಘದ ಬುನಾದಿಯಲ್ಲಿದ್ದಿತೆಂಬುದನ್ನು ಚರಿತ್ರಕಾರನು ಮರೆಯಬಾರದು.

ಮುಂದಿನ ಘಟನೆಗಳೂ ಇದನ್ನೇ ಸೂಚಿಸುತ್ತವೆ. 1906ರ ಕಾರ್ಮಿಕ ಪರಿಹಾರ ಶಾಸನದ ಪ್ರಯೋಜನ ಆಟಗಾರರಿಗೂ ದೊರೆಯಬೇಕೆಂದು ಸಂಘವು ಬಯಸಿತು. ಆಟದ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಕೂಡದೆಂಬುದು ಫುಟ್‌ಬಾಲ್ ಅಸೋಸಿಯೇಷನ್ನಿನ ಹಟ. 1909ರಲ್ಲಿ ಅಸೋಸಿಯೇಷನ್ ಸಂಘದ ಮಾನ್ಯತೆಯನ್ನು ಹಿಂತೆಗೆದುಕೊಂಡು, ಸದಸ್ಯತ್ವವನ್ನು ಬಿಡದ ಆಟಗಾರರನ್ನು ಅಮಾನತಿನಲ್ಲಿಟ್ಟಿತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದವರು ಬಾಗಲಿಲ್ಲ. ತಮ್ಮನ್ನು ತಾವೇ ಬಹಿಷ್ಕೃತರ ತಂಡವೆಂದು ಕರೆದುಕೊಂಡು ಅಭ್ಯಾಸವನ್ನು ಮುಂದುವರಿಸಿದರು. ಕೊನೆಗೆ ರಾಜಿಯಾಯಿತು. ಸಂಘ ಉಳಿಯಿತು, ಆದರೆ ಇತರ ಕಾರ್ಮಿಕ ಸಂಘಗಳ ಒಕ್ಕೂಟದಿಂದ ಅದು ಹೊರಬರಬೇಕಾಯಿತು. ಆಟಗಾರನು ಕಾರ್ಮಿಕನೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನ್ಯಾಯಾಲಯ. ಮೊಣಕಾಲಿಗೆ ಪೆಟ್ಟುಬಿದ್ದ ವಾಕರ್ ಎಂಬ ಆಟಗಾರನು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಮೇಲೆ ಹೂಡಿದ ದಾವೆ 1910ರ ಕಾನೂನು ವರದಿಗಳಲ್ಲಿದೆ. ವೃತ್ತಿಪರ ಆಟಗಾರನು ಶಾಸನದ ಅರ್ಥದಲ್ಲಿ ಕಾರ್ಮಿಕನೆಂದೇ ಅದರಲ್ಲಿ ನಿರ್ಣಯವಾಯಿತು.

ಆದರೆ ಉಳಿಕೆ-ವರ್ಗಾವಣೆಯ ಪದ್ಧತಿಯ ವಿಷಯದಲ್ಲಿ ಇಂಥ ಜಯ ದೊರೆಯಲಿಲ್ಲ. 1912ರಲ್ಲಿ ಕಿಂಗಬಿ ಎಂಬ ಆಟಗಾರನ ಪರವಾಗಿ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿರುದ್ಧ ಸಂಘವು ನಡೆಸಿದ ಮೊಕದ್ದಮೆ ಬಿದ್ದುಹೋಯಿತು. ಅದರ ವೆಚ್ಚದ ಭಾರದಿಂದ ಸಂಘವು ಬಹುಕಾಲ ಚೇತರಿಸಿಕೊಳ್ಳಲಿಲ್ಲ. ನ್ಯಾಯವನ್ನು ಕೇಳಲು ಹಣ ಬೇಕು, ಹಣಕ್ಕೆ ಸದಸ್ಯರು ಬೇಕು, ಸದಸ್ಯರು ಬರಲು ಜಯ ಬೇಕು. ಈ ಸುಳಿಯಿಂದ ಹೊರಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು.

3

ರೂಢಿಯ ಕಥೆಯ ಶಿಖರವಿರುವುದು 1961ರಲ್ಲಿ. ಅಷ್ಟು ಹೊತ್ತಿಗೆ ಗರಿಷ್ಠ ವೇತನವು ಆಟದ ಋತುವಿನಲ್ಲಿ ವಾರಕ್ಕೆ 20 ಪೌಂಡುಗಳಿಗೆ ಏರಿದ್ದಿತು. ಜಿಮ್ಮಿ ಹಿಲ್ ಅವರು ಅಧ್ಯಕ್ಷರು, ಕ್ಲಿಫ್ ಲಾಯ್ಡ್ ಅವರು ಕಾರ್ಯದರ್ಶಿಗಳು. 1958ರಲ್ಲಿ ಸಂಘದ ಹೆಸರೂ ವೃತ್ತಿಪರ ಫುಟ್‌ಬಾಲಿಗರ ಅಸೋಸಿಯೇಷನ್ ಎಂದು ಬದಲಾಗಿದ್ದಿತು. ಜನವರಿ 21ರಂದು ಮುಷ್ಕರ ಹೂಡುವುದಾಗಿ ಆಟಗಾರರು ನಿರ್ಧರಿಸಿದರು; ಅದಕ್ಕೆ ಮೂರು ದಿನ ಮೊದಲು ಲೀಗ್ ಮಣಿದು ಮಿತಿಯನ್ನು ತೆಗೆದುಹಾಕಲು ಒಪ್ಪಿತು. ಬಹು ಬೇಗನೆ ಫುಲಂ ಕ್ಲಬ್ಬಿನ ಜಾನಿ ಹೇನ್ಸ್ ಅವರಿಗೆ ವಾರಕ್ಕೆ 100 ಪೌಂಡು ವೇತನ ಗೊತ್ತಾಯಿತು. 1963ರ ಜುಲೈ ತಿಂಗಳಲ್ಲಿ, ನ್ಯೂಕಾಸಲ್ ಕ್ಲಬ್ಬಿನ ವಿರುದ್ಧ ಜಾರ್ಜ್ ಈಸ್ಟಂ ಅವರು ಸಂಘದ ಬೆಂಬಲದಿಂದ ನಡೆಸಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು, ಉಳಿಕೆಯೂ ವರ್ಗಾವಣೆಯೂ ಕೂಡಿದ ಪದ್ಧತಿಯು ಉದ್ಯೋಗಸ್ವಾತಂತ್ರ್ಯಕ್ಕೆ ಅನುಚಿತ ನಿರ್ಬಂಧವೆಂದು ತೀರ್ಪಿತ್ತರು. 1978ರಲ್ಲಿ ಒಪ್ಪಂದ ಮುಗಿದ ಆಟಗಾರನಿಗೆ ಬೇರೆ ಕಡೆ ಹೋಗುವ ಹಕ್ಕು ಮತ್ತಷ್ಟು ದೃಢವಾಯಿತು. 1995ರ ಡಿಸೆಂಬರ್ 15ರಂದು ಐರೋಪ್ಯ ನ್ಯಾಯಾಲಯವು ಬೆಲ್ಜಿಯಮ್ಮಿನ ಜಾನ್-ಮಾರ್ಕ್ ಬೋಸ್ಮನ್ ಅವರ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ, ಒಪ್ಪಂದ ಮುಗಿದವನು ವರ್ಗಾವಣೆಯ ಹಣವಿಲ್ಲದೆಯೇ ಐರೋಪ್ಯ ಒಕ್ಕೂಟದ ದೇಶದಿಂದ ದೇಶಕ್ಕೆ ಹೋಗಬಹುದಾಯಿತು.

ಹೀಗೆ ಒಂದರ ಮೇಲೊಂದರಂತೆ ಜೋಡಿಸಿದಾಗ ಇದು ಸೋಪಾನದಂತೆ ಕಾಣುತ್ತದೆ. ಗಥ್ರಿ ಅವರು ತಮ್ಮ ಅಧ್ಯಕ್ಷತೆಯ ಕಾಲದಲ್ಲಿ ಕಾರ್ಮಿಕ ಸಂಘಗಳ ಮಹಾಸಭೆಯ ಮುಂದೆ ಆಟಗಾರರನ್ನು ಜೀತದಾಳುಗಳಿಗೆ ಹೋಲಿಸಿ ಮಾತನಾಡಿದರು. ಆ ಹೋಲಿಕೆ ಅಂದಿನಿಂದ ಈ ಚರಿತ್ರೆಯ ಪಲ್ಲವಿಯಾಗಿ ನಿಂತಿದೆ. ಜೀತದಿಂದ ಬಿಡುಗಡೆಯೆಂಬ ಕಥೆಯ ಆಕರ್ಷಣೆ ದೊಡ್ಡದು. ಆದರೆ ಅದರಲ್ಲಿ ಎರಡು ದೋಷಗಳಿವೆಯೆಂದು ನಮಗೆ ತೋರುತ್ತದೆ.

ಮೊದಲನೆಯದು, ಇದು ಗೆದ್ದವರ ಕಣ್ಣಿನಿಂದ ಕಂಡ ಚರಿತ್ರೆ. ಹೇನ್ಸ್ ಅವರ ನೂರು ಪೌಂಡನ್ನು ಎಲ್ಲರೂ ಬಲ್ಲರು. ಮಿತಿ ಹೋದ ಮೇಲೆ ಕ್ಲಬ್ಬುಗಳು ಕೆಲವರಿಗೆ ಹೆಚ್ಚು ಕೊಟ್ಟು, ಉಳಿದ ಹಲವರನ್ನು ಕೈಬಿಟ್ಟು, ತಮ್ಮ ಆಟಗಾರರ ಪಟ್ಟಿಯನ್ನು ಕಿರಿದುಮಾಡಿಕೊಂಡವೆಂಬುದು ಅಷ್ಟು ಪ್ರಸಿದ್ಧವಲ್ಲ. ಸ್ವಾತಂತ್ರ್ಯದ ಬೆಲೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬೇರೆ ಧಣಿಗಳು ಬಯಸುವ ಆಟಗಾರನಿಗೆ ಅದು ಸಂಪತ್ತು. ಯಾರೂ ಬಯಸದವನಿಗೆ ಅದು ನಿರುದ್ಯೋಗ. ಇಷ್ಟರಿಂದ ಗರಿಷ್ಠ ವೇತನವೇ ಒಳ್ಳೆಯದಾಗಿದ್ದಿತೆಂದು ನಾವು ಹೇಳುತ್ತಿಲ್ಲ; ಅದು ಅನ್ಯಾಯವೇ. ಒಂದು ಅನ್ಯಾಯದ ನಿವಾರಣೆಯೊಡನೆ ಸಂಘದ ಕೆಲಸ ಮುಗಿಯಲಿಲ್ಲ, ಅದು ಅಲ್ಲಿ ಮತ್ತೊಂದು ರೂಪದಲ್ಲಿ ಪ್ರಾರಂಭವಾಯಿತು ಎಂಬುದಷ್ಟೇ ನಮ್ಮ ವಾದ.

ಈ ದೃಷ್ಟಿಯಿಂದ ಡನ್ಫಿ ಮತ್ತು ಇಮ್ಲಾಕ್ ಅವರ ಪುಸ್ತಕಗಳಿಗೆ ಅಧಿಕೃತ ಚರಿತ್ರೆಗಿಂತ ಹೆಚ್ಚಿನ ಬೆಲೆಯಿದೆ. ಡನ್ಫಿ ಅವರ ದಿನಚರಿ ಮಿಲ್‌ವಾಲ್ ಎಂಬ ಸಾಧಾರಣ ಕ್ಲಬ್ಬಿನಲ್ಲಿ 1973-74ರ ಋತುವಿನಲ್ಲಿ ಬರೆದದ್ದು. ಒಪ್ಪಂದವು ಆಟಗಾರನನ್ನು ಕಟ್ಟಿಹಾಕುತ್ತದೆ ಎಂಬುದಕ್ಕಿಂತ, ತಂಡದ ಪಟ್ಟಿಯಿಂದ ಹೆಸರು ಬಿದ್ದುಹೋದರೆ ಗತಿಯೇನು ಎಂಬ ಭಯವೇ ಅಲ್ಲಿ ಎದ್ದು ಕಾಣುತ್ತದೆ. ಇಮ್ಲಾಕ್ ಅವರ ತಂದೆ ಸ್ಟುವರ್ಟ್ ಇಮ್ಲಾಕ್ ಅವರು 1958ರ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ಪರವಾಗಿಯೂ, 1959ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ನಾಟಿಂಗ್‌ಹ್ಯಾಂ ಫಾರೆಸ್ಟ್ ಪರವಾಗಿಯೂ ಆಡಿದವರು. ಅಂಥವರ ಬಾಳೂ ಕ್ಲಬ್ಬಿನ ಮರ್ಜಿಯ ಮೇಲೆ ನಿಂತಿದ್ದಿತೆಂಬುದನ್ನು ಮಗನು ಕಾಗದಪತ್ರಗಳನ್ನು ಹುಡುಕಿ ತೋರಿಸಿದ್ದಾರೆ. ಸಂಘದ ನಡಾವಳಿಗಳಲ್ಲಿ ಸಂಖ್ಯೆಯಾಗಿ ಮಾತ್ರ ಬರುವ ಸಾಮಾನ್ಯ ಸದಸ್ಯನು ಈ ಎರಡು ಕೃತಿಗಳಲ್ಲಿ ಮನುಷ್ಯನಾಗಿ ಬರುತ್ತಾನೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪಾಠ: ಸಂಸ್ಥೆಯ ಚರಿತ್ರೆಯನ್ನು ಸಂಸ್ಥೆಯ ದಾಖಲೆಗಳಿಂದ ಮಾತ್ರ ಬರೆಯಲಾಗುವುದಿಲ್ಲ.

4

ಎರಡನೆಯ ದೋಷ ಇದಕ್ಕಿಂತ ದೊಡ್ಡದು. ಬಿಡುಗಡೆಯ ಕಥೆಯಲ್ಲಿ ಹುಡುಗನಿಗೆ ಸ್ಥಾನವಿಲ್ಲ. ಈಸ್ಟಂ ಅವರ ಪ್ರಕರಣ ನಡೆಯುತ್ತಿದ್ದ ಕಾಲಕ್ಕೆ ಕ್ಲಬ್ಬುಗಳಲ್ಲಿ ಹದಿನೈದು ಹದಿನಾರು ವಯಸ್ಸಿನ ಎಷ್ಟೋ ಹುಡುಗರಿದ್ದರು. ಹದಿನೇಳು ತುಂಬುವವರೆಗೆ ವೃತ್ತಿಪರನಾಗಿ ಸಹಿ ಹಾಕುವಂತಿರಲಿಲ್ಲವಾದ್ದರಿಂದ, ಅದಕ್ಕೆ ಮೊದಲು ಬಂದವರನ್ನು ಮೈದಾನದ ಕೆಲಸಗಾರರೆಂದು ಇಟ್ಟುಕೊಳ್ಳುತ್ತಿದ್ದರು. ಮೆಟ್ಟಿಲುಗಳನ್ನು ಗುಡಿಸುವುದು, ಹಿರಿಯರ ಬೂಟುಗಳನ್ನು ಉಜ್ಜುವುದು, ಬಿಡುವಾದಾಗ ಆಟ ಕಲಿಯುವುದು ಅವರ ದಿನಚರಿ. 1960ರಲ್ಲಿ ಅಪ್ರೆಂಟಿಸ್ ಪದ್ಧತಿ ಬಂದಿತು. ಹೆಸರು ಬದಲಾಯಿತು, ಕಸಬರಿಗೆಯೂ ಬೂಟಿನ ಬ್ರಷ್ಷೂ ಕೈಬಿಡಲಿಲ್ಲ. ಇತರ ಕಸಬುಗಳಲ್ಲಿ ಅಪ್ರೆಂಟಿಸ್ ಆದವನು ಅವಧಿ ಮುಗಿಸಿದ ಮೇಲೆ ಬಡಗಿಯೋ ಕಮ್ಮಾರನೋ ಆಗಿ ಹೊರಬರುತ್ತಾನೆ; ಒಂದು ಅಂಗಡಿಯವನು ಬೇಡವೆಂದರೂ ಕಲಿತ ವಿದ್ಯೆ ಕೈಯಲ್ಲಿ ಉಳಿಯುತ್ತದೆ. ಫುಟ್‌ಬಾಲಿನಲ್ಲಿ ಹಾಗಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಕ್ಲಬ್ಬು ಬೇಡವೆಂದ ಹುಡುಗನಿಗೆ, ಅವನು ಕಲಿತದ್ದೆಲ್ಲವೂ ಯಾರೂ ಕೊಳ್ಳದ ಸರಕಾಗುತ್ತದೆ. ಓದನ್ನು ಬಿಟ್ಟು ಬಂದವನ ಪಾಡನ್ನಂತೂ ಹೇಳಬೇಕಾದ್ದಿಲ್ಲ.

ಇಲ್ಲಿಯೇ ಸಂಘವು ತನ್ನ ಅತ್ಯಂತ ಮೌಲಿಕವಾದ, ಅತ್ಯಂತ ಕಡಮೆ ಪ್ರಸಿದ್ಧವಾದ ಕಾರ್ಯವನ್ನು ಮಾಡಿತೆಂದು ನಾವು ಭಾವಿಸುತ್ತೇವೆ. 1979ರಲ್ಲಿ ಸಂಘವೂ ಲೀಗೂ ಸೇರಿ ಫುಟ್‌ಬಾಲಿಗರ ಮುಂದುವರಿದ ಶಿಕ್ಷಣ ಮತ್ತು ವೃತ್ತಿಶಿಕ್ಷಣಕ್ಕಾಗಿ ಒಂದು ಸೊಸೈಟಿಯನ್ನು ಸ್ಥಾಪಿಸಿದುವು. 1983ರಲ್ಲಿ ಸರ್ಕಾರವು ನಿರುದ್ಯೋಗಿ ತರುಣರಿಗಾಗಿ ತರಬೇತಿಯ ಯೋಜನೆಯನ್ನು ಆರಂಭಿಸಿದಾಗ, ಅದನ್ನು ಫುಟ್‌ಬಾಲ್ ಕ್ಲಬ್ಬುಗಳಿಗೂ ಅನ್ವಯಿಸಲಾಯಿತು. ಹುಡುಗನು ಆಟದೊಡನೆ ಕಾಲೇಜಿನ ಪಾಠವನ್ನೂ ಕಲಿಯಬೇಕೆಂಬ ನಿಯಮ ಈ ದಾರಿಯಿಂದ ಕ್ಲಬ್ಬಿನೊಳಕ್ಕೆ ಬಂದಿತು. 2004ರಲ್ಲಿ ಲೀಗ್ ಮತ್ತು ಸಂಘ ಒಟ್ಟುಗೂಡಿ, ಲೀಗಿನ ಕ್ಲಬ್ಬುಗಳಲ್ಲಿರುವ ತರುಣರ ಶಿಕ್ಷಣವನ್ನು ನೋಡಿಕೊಳ್ಳಲು ಪ್ರತ್ಯೇಕ ಸಂಸ್ಥೆಯನ್ನು ನಿರ್ಮಿಸಿದುವು. ಹಿರಿಯ ಸದಸ್ಯರಿಗಾಗಿ ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಚಿಕಿತ್ಸೆಯ ಪದವಿ, ಸ್ಟಾಫರ್ಡ್‌ಷೈರ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಪತ್ರಿಕೋದ್ಯಮದ ಪದವಿ ಇವುಗಳಿಗೆ ಸಂಘವು ನೆರವಾಗಿದೆ. ಕ್ಲಬ್ಬು ಕೈಬಿಟ್ಟವನಿಗೆ ಮುಂದಿನ ದಾರಿಯ ಸಲಹೆ, ಮನಸ್ಸು ಕುಗ್ಗಿದವನಿಗೆ ಗೋಪ್ಯವಾದ ಸಮಾಲೋಚನೆ, ಗಾಯದಿಂದ ಆಟ ನಿಂತವನಿಗೆ ವಿಮೆ ಮತ್ತು ಸಹಾಯಧನ ಇವೂ ಅದರ ಕಾರ್ಯಗಳೇ.

ಈ ಕಾರ್ಯದಲ್ಲಿ ಒಂದು ತತ್ತ್ವ ಅಡಗಿದೆ. ವೇತನಕ್ಕಾಗಿ ಹೋರಾಡುವ ಸಂಘವು, ನಿನ್ನ ಆಟಕ್ಕೆ ತಕ್ಕ ಬೆಲೆ ಸಿಗಬೇಕು ಎನ್ನುತ್ತದೆ. ಶಿಕ್ಷಣಕ್ಕಾಗಿ ದುಡಿಯುವ ಸಂಘವು, ನಿನ್ನ ಬೆಲೆ ನಿನ್ನ ಆಟವೊಂದೇ ಅಲ್ಲ ಎನ್ನುತ್ತದೆ. ಎರಡನೆಯ ಮಾತನ್ನು ಕ್ಲಬ್ಬು ಹೇಳಲಾರದು. ಹುಡುಗನು ಆಟಕ್ಕೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳಲೆಂಬುದೇ ಅದರ ಆಸೆ. ಮಗನ ಕೀರ್ತಿಯ ಕನಸಿನಲ್ಲಿರುವ ತಂದೆತಾಯಿಗಳೂ ಹೇಳಲಾರರು. ಹೇಳಲು ಅಧಿಕಾರವೂ ಅನುಭವವೂ ಇರುವುದು, ತಾವೂ ಆ ದಾರಿಯಲ್ಲಿ ನಡೆದು ಬಂದವರ ಸಂಘಕ್ಕೆ ಮಾತ್ರ.

5

ಇಷ್ಟು ಹೊಗಳಿದ ಮೇಲೆ ಸಂಘದ ಕುಂದುಗಳನ್ನೂ ಹೇಳುವುದು ನ್ಯಾಯ. ಅದರ ಆದಾಯದಲ್ಲಿ ಸದಸ್ಯರ ಚಂದಾ ಅಲ್ಪಭಾಗ; ಬಹುಭಾಗ ಬರುವುದು ದೂರದರ್ಶನದ ಪ್ರಸಾರದ ಹಣದಿಂದ. ಈ ಪಾಲಿಗಾಗಿ 2001ರಲ್ಲಿ ಮುಷ್ಕರದ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ಸದಸ್ಯರಲ್ಲಿ ಬಹುತೇಕ ಎಲ್ಲರೂ ಒಪ್ಪಿಗೆಯಿತ್ತರು. ಮುಷ್ಕರ ನಡೆಯದೆಯೇ ಮೂರು ವರ್ಷಗಳಿಗೆ 5 ಕೋಟಿ 20 ಲಕ್ಷ ಪೌಂಡುಗಳಿಗೂ ಮಿಕ್ಕ ಹಣಕ್ಕೆ ರಾಜಿಯಾಯಿತು. ತಮಗೆ ಸಂಘದ ಅಗತ್ಯವೇ ಇಲ್ಲದಷ್ಟು ಶ್ರೀಮಂತರಾಗಿದ್ದ ಆಟಗಾರರು ಬಡ ಸದಸ್ಯರಿಗಾಗಿ ಮತ ಕೊಟ್ಟರೆಂಬುದು ಈ ಚರಿತ್ರೆಯ ಉಜ್ವಲವಾದ ಪುಟಗಳಲ್ಲೊಂದು. ಆದರೆ ಧಣಿಗಳ ಬೊಕ್ಕಸದಿಂದ ಬರುವ ಹಣದಲ್ಲಿ ನಡೆಯುವ ಸಂಘವು ಧಣಿಗಳನ್ನು ಎಷ್ಟು ಗಟ್ಟಿಯಾಗಿ ಎದುರಿಸಬಲ್ಲದು ಎಂಬ ಶಂಕೆ ಅದರೊಡನೆಯೇ ಹುಟ್ಟಿತು. 1981ರಿಂದ 2021ರವರೆಗೆ, ನಲವತ್ತು ವರ್ಷ, ಒಬ್ಬರೇ ಸಂಘದ ಮುಖ್ಯಾಧಿಕಾರಿಗಳಾಗಿದ್ದರು. ಅವರ ವಾರ್ಷಿಕ ವೇತನ ಕೊನೆಯ ವರ್ಷಗಳಲ್ಲಿ 20 ಲಕ್ಷ ಪೌಂಡುಗಳನ್ನು ಮೀರಿದ್ದಿತು. ಗರಿಷ್ಠ ವೇತನದ ವಿರುದ್ಧ ಹೋರಾಡಿದ ಸಂಘದಲ್ಲಿ ಇದು ಟೀಕೆಗೆ ಗುರಿಯಾದುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತ ನೋವಿನ ವಿಷಯ ಮರೆಗುಳಿ ರೋಗದ್ದು. ಇಂಗ್ಲೆಂಡಿನ ಪರವಾಗಿ ಆಡಿದ್ದ ಜೆಫ್ ಆಸ್ಟಲ್ ಅವರು 2002ರಲ್ಲಿ ತೀರಿಕೊಂಡಾಗ, ಚೆಂಡನ್ನು ಮತ್ತೆ ಮತ್ತೆ ತಲೆಯಿಂದ ಹೊಡೆದುದರಿಂದ ಉಂಟಾದ ಔದ್ಯೋಗಿಕ ರೋಗವೇ ಅವರ ಮರಣಕ್ಕೆ ಕಾರಣವೆಂದು ವಿಚಾರಣಾಧಿಕಾರಿಯು ತೀರ್ಮಾನಿಸಿದನು. ಔದ್ಯೋಗಿಕ ರೋಗವೆಂಬ ಮಾತು ಕಿವಿಗೆ ಬಿದ್ದೊಡನೆ ಎಚ್ಚರಗೊಳ್ಳಬೇಕಾದುದು ಕಾರ್ಮಿಕ ಸಂಘವೇ ಅಲ್ಲವೇ? ಸಂಘವೂ ಫುಟ್‌ಬಾಲ್ ಅಸೋಸಿಯೇಷನ್ನೂ ಹಣವೊದಗಿಸಿದ ಗ್ಲಾಸ್ಗೋ ಸಂಶೋಧನೆಯ ಫಲಿತಾಂಶ ಹೊರಬಂದುದು 2019ರಲ್ಲಿ. ನರಗಳ ಕ್ಷಯದ ರೋಗಗಳಿಂದ ಸಾಯುವ ಸಂಭವವು ಮಾಜಿ ವೃತ್ತಿಪರ ಆಟಗಾರರಲ್ಲಿ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಅದು ತೋರಿಸಿತು. 2023ರಲ್ಲಿ ಸಂಘವೂ ಪ್ರೀಮಿಯರ್ ಲೀಗೂ ಸೇರಿ, 10 ಲಕ್ಷ ಪೌಂಡುಗಳ ಮೂಲಧನದಿಂದ ಇಂಥ ಕುಟುಂಬಗಳಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿದುವು. 2002ಕ್ಕೂ 2023ಕ್ಕೂ ನಡುವಣ ಇಪ್ಪತ್ತೊಂದು ವರ್ಷಗಳಲ್ಲಿ ಎಷ್ಟೋ ಮನೆಗಳು ಈ ಭಾರವನ್ನು ತಾವೇ ಹೊತ್ತುವು. ಬ್ಲ್ಯಾಕ್‌ಸ್ಟಾಕನ ಮನೆಯ ಚಿಂತೆಯಿಂದ ಹುಟ್ಟಿದ ಸಂಘಕ್ಕೆ ಈ ವಿಳಂಬ ತಕ್ಕುದಾಗಿರಲಿಲ್ಲ.

ಮೂರನೆಯ ಕುಂದು ನಮ್ಮ ಮುಖ್ಯ ವಾದಕ್ಕೆ ಸೇರಿದುದು. ಸಂಘದ ನೆರಳು ಹುಡುಗನಿಗೆ ದೊರೆಯುವುದು ಸುಮಾರು ಹದಿನಾರನೆಯ ವಯಸ್ಸಿನಲ್ಲಿ, ಅವನು ಕ್ಲಬ್ಬಿನೊಡನೆ ತರಬೇತಿಯ ಒಪ್ಪಂದ ಮಾಡಿಕೊಂಡ ಮೇಲೆ. ಆದರೆ ಇಂಗ್ಲೆಂಡಿನ ಕ್ಲಬ್ಬುಗಳು ತಮ್ಮ ಅಕಾಡೆಮಿಗಳಲ್ಲಿ ಒಂಬತ್ತು ವರ್ಷದ ಒಳಗಿನವರ ತಂಡದಿಂದಲೇ ಮಕ್ಕಳ ಹೆಸರುಗಳನ್ನು ನೋಂದಾಯಿಸುತ್ತವೆ. 2012ರಲ್ಲಿ ಜಾರಿಗೆ ಬಂದ ಹೊಸ ಯೋಜನೆಯ ಪ್ರಕಾರ, ಹುಡುಗನು ಒಂದು ಅಕಾಡೆಮಿಯಿಂದ ಮತ್ತೊಂದಕ್ಕೆ ಹೋದರೆ, ಅವನು ಕಲಿತ ವರ್ಷಗಳನ್ನು ಎಣಿಸಿ ಗೊತ್ತಾದ ದರದಲ್ಲಿ ಪರಿಹಾರಧನವನ್ನು ಕ್ಲಬ್ಬಿನಿಂದ ಕ್ಲಬ್ಬಿಗೆ ಸಲ್ಲಿಸಬೇಕಾಯಿತು. ನೋಂದಣಿ, ಅನುಮತಿ, ವರ್ಗಾವಣೆಯ ಹಣ: ಈ ಮೂರು ಪದಗಳನ್ನು ನಾವು ಹಿಂದೆ ಎಲ್ಲಿ ಕಂಡೆವೆಂಬುದನ್ನು ವಾಚಕರು ಮರೆತಿರಲಾರರು. ದೊಡ್ಡವರ ವಿಷಯದಲ್ಲಿ 1963ರಲ್ಲಿ ಅನುಚಿತವೆಂದು ಸಾರಿದ ಪದ್ಧತಿಯ ಒಂದು ಕವಲು ಮಕ್ಕಳ ವಿಷಯದಲ್ಲಿ ಹೊಸದಾಗಿ ಚಿಗುರಿತು. ವೇತನವೂ ಇಲ್ಲದ, ಸಂಘದ ಸದಸ್ಯತ್ವವೂ ಇಲ್ಲದ ಬಾಲಕನ ಮೇಲೆ ಅದರ ಭಾರ ಬಿದ್ದಿತು.

ಇದಕ್ಕೆ ಕ್ಲಬ್ಬುಗಳ ಸಮಾಧಾನವೂ ಇದೆ. ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಸಣ್ಣ ಕ್ಲಬ್ಬೊಂದು ಹತ್ತು ವರ್ಷ ಖರ್ಚುಮಾಡಿ ಹುಡುಗನನ್ನು ತಿದ್ದಿದ ಮೇಲೆ ದೊಡ್ಡ ಕ್ಲಬ್ಬು ಅವನನ್ನು ಪುಕ್ಕಟೆಯಾಗಿ ಒಯ್ದರೆ, ಮುಂದೆ ಯಾರು ತಾನೆ ಮಕ್ಕಳಿಗೆ ಕಲಿಸುವರು? ಐರೋಪ್ಯ ನ್ಯಾಯಾಲಯವೂ ಈ ವಾದಕ್ಕೆ ಮನ್ನಣೆಯಿತ್ತಿದೆ. ಫ್ರಾನ್ಸಿನ ಲಿಯಾನ್ ಕ್ಲಬ್ಬಿನಲ್ಲಿ ಕಲಿತ ಒಲಿವಿಯೆ ಬರ್ನಾರ್ ಎಂಬ ತರುಣ ಆಟಗಾರರು 2000ದಲ್ಲಿ ಲಿಯಾನಿನ ಒಪ್ಪಂದವನ್ನು ಒಲ್ಲದೆ ಇಂಗ್ಲೆಂಡಿಗೆ ಹೋದಾಗ, ಕ್ಲಬ್ಬು ಅವರ ಮೇಲೆ ನಷ್ಟಪರಿಹಾರಕ್ಕೆ ದಾವೆ ಹೂಡಿತು. ಕಲಿಸಿದವರಿಗೆ ಪರಿಹಾರ ಸಲ್ಲಬಹುದು. ಆದರೆ ಅದು ಕಲಿಸಲು ತಗುಲಿದ ನಿಜವಾದ ವೆಚ್ಚಕ್ಕೆ ಸಂಬಂಧಿಸಿರಬೇಕು ಎಂದು ನ್ಯಾಯಾಲಯವು 2010ರಲ್ಲಿ ನಿರ್ಣಯಿಸಿತು. ಈ ಪ್ರಕರಣದಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಭರವಸೆಯ ಆಟಗಾರರೆಂದು ಕರೆಯಲ್ಪಡುವ 16ರಿಂದ 22 ವಯಸ್ಸಿನ ತರುಣರನ್ನು ಫ್ರಾನ್ಸಿನಲ್ಲಿ ಕ್ಲಬ್ಬಿಗೆ ಕಟ್ಟಿಹಾಕಿದ್ದ ನಿಯಮಾವಳಿಗೆ ಸಾಮೂಹಿಕ ಒಪ್ಪಂದದ ಸ್ಥಾನವಿದ್ದಿತು. ಸಾಮೂಹಿಕ ಒಪ್ಪಂದವೆಂದರೆ ಅದರ ಒಂದು ಬದಿಯಲ್ಲಿ ದುಡಿಯುವವರ ಪ್ರತಿನಿಧಿಗಳಿರುತ್ತಾರೆ. ಮೇಜಿನ ಎರಡು ಬದಿಗಳಲ್ಲಿಯೂ ಹಿರಿಯರೇ ಕುಳಿತಾಗ ಕಿರಿಯನ ಹಿತ ಸಹಜವಾಗಿಯೇ ಹಿಂದೆ ಬೀಳುತ್ತದೆ. ಆದಕಾರಣ ಪರಿಹಾರವಿರಬೇಕೇ ಬೇಡವೇ ಎಂಬುದಕ್ಕಿಂತ, ಅದನ್ನು ಗೊತ್ತುಮಾಡುವಾಗ ಹುಡುಗನ ಪರವಾಗಿ ಮಾತನಾಡುವವರಾರು ಎಂಬುದೇ ಮುಖ್ಯವಾದ ಪ್ರಶ್ನೆ.

6

ಈ ಚರಿತ್ರೆ ದೂರದೇಶದ್ದಾದರೂ ನಮಗೆ ಪರಕೀಯವಲ್ಲ. ಬೆಂಗಳೂರಿನಲ್ಲಿ ಬಹುಕಾಲ ಫುಟ್‌ಬಾಲ್ ಬೆಳೆದುದು ಹಿಂದುಸ್ತಾನ್ ಏರೋನಾಟಿಕ್ಸ್, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲಾದ ಸಾರ್ವಜನಿಕ ಕಾರ್ಖಾನೆಗಳ ಆಶ್ರಯದಲ್ಲಿ. ಅಲ್ಲಿ ಆಟಗಾರನು ಮೊದಲು ನೌಕರ, ಆಮೇಲೆ ಆಟಗಾರ. ಕಾಲು ಮುರಿದರೂ, ವಯಸ್ಸಾದರೂ ಕಾರ್ಖಾನೆಯ ಕೆಲಸ ಉಳಿಯುತ್ತಿದ್ದಿತು; ಇಂಗ್ಲೆಂಡಿನ ಸಂಘವು ಕಷ್ಟಪಟ್ಟು ಕಟ್ಟಿದ ಆಸರೆ ನಮ್ಮಲ್ಲಿ ಖಾಯಂ ನೌಕರಿಯ ರೂಪದಲ್ಲಿ ಮೊದಲೇ ಇದ್ದಿತೆನ್ನಬಹುದು. ಆಟಗಾರರಿಗೆ ಪ್ರತ್ಯೇಕ ಸಂಘವು ತಡವಾಗಿ ಬಂದುದಕ್ಕೆ ಇದೂ ಒಂದು ಕಾರಣವಾಗಿರಬೇಕೆಂದು ನಮ್ಮ ಊಹೆ. ವೃತ್ತಿಪರ ಕ್ಲಬ್ಬುಗಳು ಬಲಿತಂತೆ ಈ ಆಸರೆ ಸಡಿಲವಾಯಿತು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ, ಡೆಂಪೊ ಕ್ಲಬ್ಬಿನ ಬ್ರೆಜಿಲ್ ದೇಶದ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಅವರು ಎದುರಾಳಿ ಗೋಲಿಗೆ ಡಿಕ್ಕಿಹೊಡೆದು ಕುಸಿದುಬಿದ್ದು ಅಸುನೀಗಿದರು. ಭಾರತದ ಫುಟ್‌ಬಾಲ್ ಆಟಗಾರರ ಸಂಘವು ಬೈಚುಂಗ್ ಭುಟಿಯಾ ಅವರ ನೇತೃತ್ವದಲ್ಲಿ ಸ್ಥಾಪಿತವಾದುದು 2006ರಲ್ಲಿ. ಇಂಗ್ಲೆಂಡಿನ ಸಂಘ ಹುಟ್ಟಿ ಆಗ ತೊಂಬತ್ತೊಂಬತ್ತು ವರ್ಷ.

ತಡವಾಗಿ ಬಂದರೂ ಅದರ ಅಗತ್ಯ ಕಡಮೆಯಾದುದಲ್ಲ. 2025ರ ಆಗಸ್ಟ್ ತಿಂಗಳಲ್ಲಿ, ಇಂಡಿಯನ್ ಸೂಪರ್ ಲೀಗಿನ ಭವಿಷ್ಯವೇ ಅನಿಶ್ಚಿತವಾಗಿದ್ದಾಗ, ಬೆಂಗಳೂರು ಎಫ್.ಸಿ. ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ತರುಣರ ತಂಡಗಳೂ ತರಬೇತಿಯ ಶಾಲೆಗಳೂ ಎಂದಿನಂತೆ ನಡೆಯುವುವೆಂದು ಅದೇ ಪ್ರಕಟಣೆಯಲ್ಲಿ ಹೇಳಿದ್ದಿತು. ಮೇಲಿನ ಮೆಟ್ಟಿಲಿನಲ್ಲಿ ನಿಂತವನ ವೇತನಕ್ಕೇ ಭರವಸೆಯಿಲ್ಲದಿದ್ದಾಗ, ಕೆಳಗಿನ ಮೆಟ್ಟಿಲಿನಲ್ಲಿ ಕಾಲಿಟ್ಟ ಹುಡುಗನು ಯಾವ ನಂಬಿಕೆಯಿಂದ ಏರಬೇಕು? ಈ ಪ್ರಶ್ನೆಯನ್ನು ಅವನ ಪರವಾಗಿ ಕೇಳುವ ಶಕ್ತಿ ಪ್ರೇಕ್ಷಕರ ಅಭಿಮಾನಕ್ಕಿಲ್ಲ. ಅದಕ್ಕೆ ಸಂಘಟನೆಯೇ ಬೇಕು.

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಇಂಗ್ಲೆಂಡಿನ ಆಟಗಾರರ ಸಂಘವು ಎರಡು ಕಾರ್ಯಗಳನ್ನು ಮಾಡಿತು: ಬಲ್ಲವನಿಗೆ ಸ್ವಾತಂತ್ರ್ಯವನ್ನು ಗಳಿಸಿಕೊಟ್ಟುದು ಒಂದು, ಸೋತವನಿಗೆ ಆಸರೆಯನ್ನು ಕಟ್ಟಿದುದು ಇನ್ನೊಂದು. ಚರಿತ್ರಕಾರರು ಮೊದಲನೆಯದನ್ನು ಹಿಗ್ಗಿಸಿ ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ. ಸಂಘವನ್ನು ಹಳಿಯುವವರಾದರೋ ಅದರ ವಿಳಂಬಗಳನ್ನು ಎಣಿಸಿ, 1979ರಿಂದ ನಡೆದುಬಂದ ಶಿಕ್ಷಣಕಾರ್ಯವನ್ನು ಕಾಣದೆ ಹೋಗಿದ್ದಾರೆ. ನಮ್ಮ ಅಳತೆಗೋಲಿನಿಂದ ನೋಡಿದರೆ ಸಂಘವು ತನ್ನ ಟೀಕಾಕಾರರು ಹೇಳುವುದಕ್ಕಿಂತ ಹೆಚ್ಚನ್ನೂ, ತನ್ನ ಸ್ತುತಿಕಾರರು ಹೇಳುವುದಕ್ಕಿಂತ ಕಡಮೆಯನ್ನೂ ಸಾಧಿಸಿದೆ. ಹದಿನಾರರ ಕೆಳಗಿನ ಹುಡುಗನು ಇನ್ನೂ ಅದರ ಬಾಗಿಲ ಹೊರಗೇ ನಿಂತಿದ್ದಾನೆ.

ಇಮ್ಲಾಕ್ ಅವರು ತಮ್ಮ ತಂದೆಯ ಕಾಗದಪತ್ರಗಳಿಂದ ಒಂದು ತಲೆಮಾರಿನ ಆಟಗಾರರ ಬಾಳನ್ನು ಹೊರತೆಗೆದಂತೆ, ಬೆಂಗಳೂರಿನ ಕಾರ್ಖಾನೆಗಳ ತಂಡಗಳಲ್ಲಿ ಆಡಿದವರ ನೇಮಕದ ಆದೇಶಗಳನ್ನೂ, ರಜೆಯ ಮತ್ತು ಬಡತಿಯ ದಾಖಲೆಗಳನ್ನೂ, ಬದುಕಿರುವ ಹಿರಿಯರ ನೆನಪುಗಳನ್ನೂ ಸಂಗ್ರಹಿಸುವ ಕೆಲಸ ಆಗಬೇಕಾಗಿದೆ. ಆ ಸಾಮಗ್ರಿ ಚದುರಿಹೋಗುವ ಮೊದಲೇ ನಮ್ಮ ವಿದ್ಯಾರ್ಥಿಗಳು ಅದನ್ನು ಕೈಗೆತ್ತಿಕೊಂಡರೆ, ಆಟಗಾರನು ಕಾರ್ಮಿಕನೇ ಎಂಬ ಪ್ರಶ್ನೆಗೆ ಕನ್ನಡನಾಡಿನ ಉತ್ತರವೂ ದೊರೆಯುವುದು.